ಮೊದಲು ಕಾಗದದ ಹಿಂಬದಿ ನೋಡಿ

ಕಳೆದ ಸಂಚಿಕೆಯಲ್ಲಿ ಪಾಲುಪಟ್ಟಿಯ ಬಗ್ಗೆ ಬರೆದಿದ್ದೆ. ನಮ್ಮ ಪಾಲೆಷ್ಟು ಅಂತ ಕೇಳುವ ಪತ್ರಗಳು ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಬೇರೆಯೇ. ಜಮೀನಿನ ಕೇಸು ನಡೆಸುವ ವಕೀಲರಾಗುವುದು ಹೇಗೆ ಅಂತ ಕೇಳಿದವರೇ ಜಾಸ್ತಿ. ಹಾಗಾಗಿ ಬಾಡಿಗೆದಾರರು, ಚೆಕ್ ಬೌನ್ಸಿನವರು ಈ ಸಲ ಸ್ವಲ್ಪ ಕಾಯಬೇಕು.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಅಪ್ಪನಿಗೂ ಚಿಕ್ಕಪ್ಪನಿಗೂ ತೆಂಗಿನ ತೋಟದ ಬದುವಿನ ಮೇಲೆ ಹದಿನಾಲ್ಕು ವರ್ಷದಿಂದ ಕೇಸು ನಡೀತಿದೆ. ಅಪ್ಪ ವಾಯಿದೆಗೆ ಹೋಗಿ ಸುಮ್ನೆ ವಾಪಸ್ ಬರೋದನ್ನ ನೋಡಿ ನೋಡಿ, ನಾನೇ ಲಾಯರ್ ಆಗಬೇಕು, ಜಮೀನಿನ ಕೇಸುಗಳನ್ನೇ ನಡೆಸಬೇಕು ಅನಿಸಿದೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ‘ಸಿವಿಲ್ ಕೇಸು ಹೆಣ್ಣುಮಕ್ಕಳಿಗೆ ಆಗಿ ಬರಲ್ಲ, ಬ್ಯಾಂಕ್ ಪರೀಕ್ಷೆ ಕಟ್ಟು’ ಅಂತಾರೆ ಸೋದರಮಾವ. ಏನು ಓದಬೇಕು? ಎಷ್ಟು ವರ್ಷಕ್ಕೆ ಸಂಪಾದನೆ ಶುರುವಾಗುತ್ತೆ? ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ.
— ಓದುಗಿ, ಅರಸೀಕೆರೆ ತಾಲ್ಲೂಕು

ಉತ್ತರ: ನೀವು ನನ್ನ ಮಗಳ ವಯಸ್ಸಿನವರು. ಆದರೂ ‘ನೀವು’ ಅಂತಲೇ ಬರೆಯುತ್ತೇನೆ. ನಾಳೆ ಕೋರ್ಟಿನಲ್ಲಿ ಎದುರು ನಿಂತರೆ ‘ವಿದ್ವಾನ್ ವಕೀಲರು’ ಅನ್ನಬೇಕಾಗುತ್ತದಲ್ಲ, ಈಗಿನಿಂದಲೇ ರೂಢಿಯಾಗಲಿ.

ನಾನು ಸೀನಿಯರ್ ಹತ್ತಿರ ಸೇರಿದ್ದು 1997ರ ಮಳೆಗಾಲದಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ಕಪ್ಪು ಕೋಟು ಹೊಸದು. ಮೊದಲ ದಿನವೇ ಕೋರ್ಟಿಗೆ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಕಡತ ನನ್ನ ಮುಂದಿಟ್ಟು, ‘ಇದರಲ್ಲಿ ಒಂದು ಸುಳ್ಳಿದೆ. ಹುಡುಕು’ ಎಂದು ಕೊಡೆ ತಗೊಂಡು ಹೊರಟುಹೋದರು. ಎರಡೆಕರೆ ಅಡಿಕೆ ತೋಟದ ಕ್ರಯದ ಕರಾರು, ಹತ್ತಾರು ವರ್ಷದ ಪಹಣಿ, ಕಂದಾಯದ ರಸೀದಿ. ನಾಲ್ಕು ದಿನ ಓದಿದೆ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ತಾಳೆ ನೋಡಿದೆ. ಸಹಿಗಳನ್ನು ಬೆಳಕಿಗೆ ಹಿಡಿದೆ. ಏನೂ ಸಿಗಲಿಲ್ಲ. ಐದನೇ ದಿನ ನಮ್ಮ ಗುಮಾಸ್ತರಿಗೆ ನನ್ನ ಮೇಲೆ ಕನಿಕರ ಬಂತು. ‘ಅಮ್ಮಾ, ಕಾಗದಕ್ಕೆ ಹಿಂಬದೀನೂ ಇರುತ್ತೆ’ ಅಂದರು. ತಿರುಗಿಸಿದೆ. ಛಾಪಾ ಕಾಗದ ಮಾರಿದವನು ಹಿಂದೆ ತಾರೀಕು ಬರೆದಿದ್ದ. ಕರಾರು ಆಗಿದೆ ಎಂದು ಮುಂದೆ ಬರೆದಿದ್ದ ದಿನಕ್ಕೂ ಕಾಗದ ಮಾರಾಟವಾದ ದಿನಕ್ಕೂ ಏಳು ತಿಂಗಳ ಅಂತರ. ಕಾಗದ ಹುಟ್ಟುವ ಮೊದಲೇ ಅದರ ಮೇಲೆ ಕರಾರು ಆಗಿಬಿಟ್ಟಿತ್ತು.

ಈ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಸಿನಿಮಾದಲ್ಲಿ ತೋರಿಸುವ ಹಾಗೆ ಮೇಜು ಕುಟ್ಟಿ ವಾದಿಸುವುದು ನಮ್ಮ ಕಡೆ ಕಮ್ಮಿ. ಜಮೀನಿನ ವಕೀಲರು ಮುಕ್ಕಾಲು ಹೊತ್ತು ಓದುತ್ತಿರುತ್ತಾರೆ, ಉಳಿದ ಕಾಲು ಹೊತ್ತು ನಕಲಿಗೆ ಅರ್ಜಿ ಹಾಕಿ ಕಾಯುತ್ತಿರುತ್ತಾರೆ. ಆ ತಾಳ್ಮೆ ಇದೆಯಾ, ಮೊದಲು ಅದನ್ನು ನೋಡಿಕೊಳ್ಳಿ.

ಓದಿನ ದಾರಿ ಸುಲಭಕ್ಕೆ ಹೇಳಬಹುದು. ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌.ಬಿ., ಪಿ.ಯು.ಸಿ. ಮುಗಿಸಿದವರಿಗೆ ಐದು ವರ್ಷದ್ದು. ನಿಮ್ಮದು ಮೂರು ವರ್ಷದ ದಾರಿ. ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಇರಬೇಕು. ರಾಜ್ಯದ ಹೆಚ್ಚಿನ ಲಾ ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅಳಬೇಡಿ. ಬದುವಿನ ಕೇಸು ಕಲಿಯುವುದಕ್ಕೆ ಹಾಸನದ ಕಾಲೇಜೂ ಸಾಕು. ಓದು ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಮಾಡಿಸಬೇಕು. ಇದಕ್ಕೆ ಮೊದಲು ಸಾವಿರಗಟ್ಟಲೆ ಕೀಳುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಕಾಯ್ದೆಯಲ್ಲಿ ಇರುವುದು ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125, ಅದಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ ಎಂದಿತು. ಆಮೇಲೆ ಎ.ಐ.ಬಿ.ಇ. ಅಂತ ಹೊಸ ವಕೀಲರಿಗೆ ಒಂದು ಅಖಿಲ ಭಾರತ ಪರೀಕ್ಷೆ. ಟಿಪ್ಪಣಿ ಇಲ್ಲದ ಮೂಲ ಕಾಯ್ದೆಗಳನ್ನು ಒಳಗೆ ಒಯ್ಯಬಹುದು. ಪುಟ ತಿರುಗಿಸಲು ಗೊತ್ತಿದ್ದವರು ಪಾಸಾಗುತ್ತಾರೆ.

ಇಂಗ್ಲಿಷ್ ವಿಚಾರ. ಹೈಕೋರ್ಟಿಗೆ ಬೇಕು, ತೀರ್ಪುಗಳನ್ನು ಓದುವುದಕ್ಕೂ ಬೇಕು. ನಾಲ್ಕೈದು ವರ್ಷದಲ್ಲಿ ತಾನಾಗಿ ಬರುತ್ತದೆ. ಆದರೆ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ನಿಮ್ಮ ಊರಿನ ಕನ್ನಡದಲ್ಲೇ ಹೇಳುತ್ತಾರೆ. ಪಾಟಿ ಸವಾಲಿನಲ್ಲಿ ‘ನೀವು ಸದರಿ ಸ್ವತ್ತಿನ ಸ್ವಾಧೀನಾನುಭವದಲ್ಲಿ ಇದ್ದೀರಾ’ ಅಂತ ಕೇಳಿದರೆ ರೈತ ಕಕ್ಕಾಬಿಕ್ಕಿಯಾಗುತ್ತಾನೆ. ‘ಆ ತೋಟದ ಕಾಯಿ ಯಾರು ಕೀಳಿಸ್ತಾರೆ, ಕೂಲಿ ಯಾರು ಕೊಡ್ತಾರೆ’ ಅಂತ ಕೇಳಿ. ಪಟಪಟ ಅಂತ ಹೇಳುತ್ತಾನೆ, ಕೇಸೂ ಅಲ್ಲೇ ತೀರ್ಮಾನವಾಗುತ್ತದೆ. ತೆಂಗಿನ ತೋಟದಲ್ಲಿ ಬೆಳೆದ ನಿಮಗೆ ಅದು ಗೊತ್ತು. ಬೆಂಗಳೂರಿನಿಂದ ಬಂದ ದೊಡ್ಡ ಲಾಯರಿಗೆ ಗೊತ್ತಿರುವುದಿಲ್ಲ.

ಕಾಲೇಜಿನಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ, ಸಿವಿಲ್ ಪ್ರಕ್ರಿಯಾ ಸಂಹಿತೆ ಎಲ್ಲ ಹೇಳಿಕೊಡುತ್ತಾರೆ. ಪಹಣಿ ಓದುವುದನ್ನು ಹೇಳಿಕೊಡುವುದಿಲ್ಲ. ಅದನ್ನು ಇವತ್ತೇ ನಿಮ್ಮ ಮನೆಯ ಪಹಣಿ ಮುಂದಿಟ್ಟುಕೊಂಡು ಶುರು ಮಾಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಸಾಗುವಳಿ ಮಾಡುವವರದು. ಹೊಸಬರು 9 ನೋಡಿ ಮಡಚಿಡುತ್ತಾರೆ. ನಡುವೆ 11 ಇದೆ. ಸಾಲ, ತಡೆಯಾಜ್ಞೆ, ಮಂಜೂರಾತಿಯ ಷರತ್ತು ಎಲ್ಲ ಕೂತಿರುವುದು ಅಲ್ಲಿ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದು ಅಂತ ಸುಳಿವು ಸಿಕ್ಕರೆ ಅಲ್ಲೇ ನಿಲ್ಲಿ. ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡ ಜಮೀನು ಕೈಬಿಟ್ಟು ಹೋಗುತ್ತದೆ. ಎಷ್ಟೋ ವರ್ಷ ಆಯ್ತಲ್ಲ, ಇನ್ನೇನು ಅರ್ಜಿ ಹಾಕ್ತಾರೆ ಅನ್ನುವ ಧೈರ್ಯವೂ 2023ರ ತಿದ್ದುಪಡಿ ಆದ ಮೇಲೆ ಮೊದಲಿನಷ್ಟು ಇಲ್ಲ.

ಪಹಣಿಯಿಂದ ಹಿಂದಕ್ಕೆ ಹೋಗಿ. ಮ್ಯುಟೇಶನ್ (ಖಾತೆ ಬದಲಾವಣೆ), ಅದರ ಹಿಂದೆ ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ), ಇನ್ನೂ ಹಿಂದೆ ಸರ್ವೆ ಟಿಪ್ಪಣಿ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ). ‘ಭೂಮಿ’ ಕಂಪ್ಯೂಟರ್ ಬರುವ ಮೊದಲಿನ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ. ಕಂಪ್ಯೂಟರಿಗೆ ಹತ್ತಿಸುವಾಗ ಎಷ್ಟೋ ಕಡೆ ಗುಂಟೆಗಳು ಆಚೀಚೆ ಆಗಿವೆ, ಹೆಸರು ಬಿಟ್ಟುಹೋಗಿವೆ. ನನ್ನ ಕಕ್ಷಿದಾರರೊಬ್ಬರ 1 ಎಕರೆ 30 ಗುಂಟೆ ಪರದೆಯ ಮೇಲೆ 1 ಎಕರೆ 3 ಗುಂಟೆ ಆಗಿತ್ತು. ಒಂದು ಸೊನ್ನೆ ಅಷ್ಟೇ. ಸರಿ ಮಾಡಿಸುವುದಕ್ಕೆ ಎರಡು ವರ್ಷ ಬೇಕಾಯಿತು. ನಲವತ್ತು ಗುಂಟೆಗೆ ಎಕರೆ, ಹದಿನಾರು ಆಣೆಗೆ ಗುಂಟೆ, 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ. ಈ ಮಗ್ಗಿ ಬಾಯಿಗೆ ಬರಲಿ. ಮುಂದೆ ಮಂಗಳೂರಿನ ಕಡೆ ಹೋದರೆ ಸೆಂಟ್ಸಿನ ಲೆಕ್ಕ ಕಲಿಯಬೇಕಾಗುತ್ತದೆ, ಅದು ಆಮೇಲೆ.

ಸಂಪಾದನೆ. ಸುಳ್ಳು ಹೇಳುವುದಿಲ್ಲ, ಮೊದಲ ಮೂರು ವರ್ಷ ಮನೆಯಿಂದ ಊಟ ಕಟ್ಟಿಕೊಂಡು ಹೋಗಬೇಕು. ನನಗೆ ಎಂಟು ತಿಂಗಳು ಏನೂ ಕೊಡಲಿಲ್ಲ. ಆಮೇಲೆ ತಿಂಗಳಿಗೆ ಐನೂರು. ಈಗ ಕಾಲ ಸ್ವಲ್ಪ ಬದಲಾಗಿದೆ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಜೂನಿಯರ್‌ಗಳಿಗೆ ನಗರದಲ್ಲಿ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಎಂದು ಸುತ್ತೋಲೆ ಹೊರಡಿಸಿದೆ. ಅದು ಸಲಹೆ ಮಾತ್ರ. ನಮ್ಮ ತಾಲ್ಲೂಕಿನಲ್ಲಿ ಅಷ್ಟು ಕೊಡುವ ಸೀನಿಯರ್ ಇದ್ದರೆ ನಾನೇ ಹೋಗಿ ಸೇರಿಕೊಳ್ಳುತ್ತೇನೆ. ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ಸರ್ಕಾರದ ಶಿಷ್ಯವೇತನ ಇದೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ನಾಲ್ಕನೇ ವರ್ಷದ ಹೊತ್ತಿಗೆ ಕೈಗೆ ಚಿಲ್ಲರೆ ಬರುತ್ತದೆ. ಕ್ರಯಪತ್ರ ಬರೆಯುವುದು, ಉಯಿಲು ಬರೆಯುವುದು, ಸಾಲಕ್ಕೆ ಬಂದವರ ಕಾಗದ ನೋಡಿ ಬ್ಯಾಂಕಿಗೆ ಅಭಿಪ್ರಾಯ ಕೊಡುವುದು. ದಾವೆಗಳು ನಿಧಾನಕ್ಕೆ ಬರುತ್ತವೆ. ಮೊದಲು ಬರುವವರು ನೆಂಟರು. ಅವರು ಫೀಸು ಕೊಡುವುದಿಲ್ಲ, ಹಲಸಿನ ಹಣ್ಣು ಕೊಡುತ್ತಾರೆ.

ಜಡ್ಜ್ ಆಗುವ ಆಸೆಯೂ ಇದ್ದರೆ ಇದನ್ನೂ ತಿಳಿದಿರಿ. ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮೂರು ವರ್ಷ ಹೇಗೂ ನಮ್ಮ ಜೊತೆಗೇ ಕಳೆಯಬೇಕು.

ಇನ್ನು ನಿಮ್ಮ ಸೋದರಮಾವ. ಅವರಿಗೆ ಕಾರ್ನೇಲಿಯಾ ಸೊರಾಬ್ಜಿ ಕಥೆ ಹೇಳಿ. ನಾಸಿಕದಲ್ಲಿ ಹುಟ್ಟಿದವರು, ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಹೆಣ್ಣುಮಗಳು. ಓದಿ ಬಂದರೂ ಕೋರ್ಟಿನೊಳಗೆ ಬಿಡಲಿಲ್ಲ. ಆಗ ಅವರು ಮಾಡಿದ್ದೇನು ಗೊತ್ತಾ? ಪರದೆಯ ಹಿಂದಿದ್ದ ವಿಧವೆಯರ, ಅನಾಥ ಮಕ್ಕಳ ಆಸ್ತಿಗೆ ಕಾವಲು ನಿಂತರು. ಗಂಡಸು ವಕೀಲರು ಒಳಮನೆಗೆ ಹೋಗುವಂತಿರಲಿಲ್ಲ, ಇವರು ಹೋದರು. 1904ರಿಂದ ಬಂಗಾಳದ ಸರ್ಕಾರದಲ್ಲಿ ಅದೇ ಅವರ ಕೆಲಸ. ಹೆಂಗಸರು ವಕೀಲರಾಗಬಹುದು ಅಂತ ಕಾನೂನು ಬಂದದ್ದು 1923ರಲ್ಲಿ. ಅಂದರೆ ಅದಕ್ಕೂ ಎಷ್ಟೋ ಮೊದಲೇ ಈ ದೇಶದ ಹೆಣ್ಣುಮಗಳೊಬ್ಬಳು ಆಸ್ತಿಯ ಕೆಲಸವನ್ನೇ ಮಾಡುತ್ತಿದ್ದಳು. ಸಿವಿಲ್ ನಮಗೆ ಆಗಿ ಬರಲ್ಲವಂತೆ!

ಕಷ್ಟ ಇಲ್ಲ ಅಂತಲ್ಲ. ಸರ್ವೆ ದಿನ ತೋಟದಲ್ಲಿ ನಿಂತಿದ್ದಾಗ ‘ಲಾಯರಮ್ಮ ಜಿಗಣೆಗೆ ಹೆದರ್ತಾರೆ’ ಅಂತ ನಕ್ಕವರಿದ್ದಾರೆ. ಜಿಗಣೆಗೆ ನಾನು ಹೆದರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಶೌಚಾಲಯ ಇಲ್ಲದ ಕಚೇರಿಗಳಿಗೆ ಹೆದರಿದ್ದೇನೆ. ನೀರು ಕುಡಿಯದೆ ಕೂತು ಕಿಡ್ನಿ ಕಲ್ಲು ಮಾಡಿಕೊಂಡೆ. ನೀವು ಹಾಗೆ ಮಾಡಬೇಡಿ, ಹತ್ತಿರದ ಮನೆಯವರನ್ನು ಕೇಳಿ. ಯಾರೂ ಇಲ್ಲ ಅನ್ನಲ್ಲ.

ಕಡೆಯದಾಗಿ ನಿಮ್ಮಪ್ಪನ ಕೇಸು. ಅದನ್ನು ನೀವು ನಡೆಸಬೇಡಿ. ಸ್ವಂತ ಮನೆಯ ಕೇಸಿನಲ್ಲಿ ಕಾಗದ ಕಾಣುವುದಿಲ್ಲ, ಚಿಕ್ಕಪ್ಪನ ಮುಖ ಕಾಣುತ್ತದೆ. ಆದರೆ ಒಂದು ಕೆಲಸ ಮಾಡಿ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಹದ್ದುಬಸ್ತು, ಅಂದರೆ ಅಳೆದು ಗಡಿ ಗುರುತಿಸುವುದು, ಆಗಿದೆಯಾ ಅಂತ ಅಪ್ಪನನ್ನು ಕೇಳಿ. ಆಗಿಲ್ಲದಿದ್ದರೆ ಸರ್ವೆ ಇಲಾಖೆಗೆ ಅರ್ಜಿ ಹಾಕಿಸಿ. ಇಲ್ಲವೇ ಅಳತೆಗೆ ಕೋರ್ಟ್ ಕಮಿಷನರ್ ನೇಮಿಸಿ ಅಂತ ನಿಮ್ಮ ವಕೀಲರು ಕೇಳಬಹುದು. ಅಳತೆಯೇ ಆಗದೆ ಬದುವಿನ ಕೇಸು ಹತ್ತು ವರ್ಷ ಓಡಿದ್ದನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅಳೆದಾಗ ವ್ಯತ್ಯಾಸ ಎಷ್ಟು ಬಂತು ಅಂತೀರಿ? ಒಂದು ಕಡೆ ಮೂರು ಅಡಿ. ಒಂದು ತೆಂಗಿನ ಮರವೂ ಹಿಡಿಯದಷ್ಟು ಜಾಗ.

ಪ್ರಶ್ನೆ: ನಾನು ತಲಾಠಿಯಾಗಿ (ಗ್ರಾಮ ಲೆಕ್ಕಿಗ) 31 ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತನಾದೆ. ಉತಾರ (ಪಹಣಿ), ವರ್ದಿ (ಖಾತೆ ಬದಲಾವಣೆ) ಅಂತಲೇ ಜೀವ ಸವೆಸಿದವನು. ಈಗ ಎಲ್‌ಎಲ್‌.ಬಿ. ಓದಿ ವಕೀಲನಾಗಬೇಕೆಂಬ ಹುಚ್ಚು. ಮಕ್ಕಳು ನಗತಾರ. ವಯಸ್ಸಿನ ಅಡ್ಡಿ ಐತೇನು?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮಕ್ಕಳು ನಗಲಿ ಬಿಡಿ ಸರ್. ನಿಮ್ಮನ್ನು ನೋಡಿ ನನಗೆ ಹೊಟ್ಟೆಕಿಚ್ಚು. ನಾನು ಇಪ್ಪತ್ತು ವರ್ಷ ಕಷ್ಟಪಟ್ಟು ಕಲಿತದ್ದು ನಿಮಗೆ ಬೆರಳ ತುದಿಯಲ್ಲಿದೆ. 45 ದಾಟಿದವರಿಗೆ ಸನ್ನದು ಇಲ್ಲ ಅಂತ ಒಂದು ನಿಯಮ ಇತ್ತು, 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಆದರೆ ಅಂಚೆಯಲ್ಲಿ ಎಲ್‌ಎಲ್‌.ಬಿ. ಇಲ್ಲ. ಕಾಲೇಜಿಗೆ ಹೋಗಿ ಬೆಂಚಿನ ಮೇಲೆ ಕೂರಬೇಕು, ಹಾಜರಿ ಶೇ. 70 ಇರಬೇಕು.

ಒಂದು ಮಾತು. ನಿಮ್ಮ ಕಡೆ ಹಳೇ ಮುಂಬೈ ಪ್ರಾಂತ್ಯದ ದಾಖಲೆಗಳು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಕೈಬೆರಳೆಣಿಕೆಯಷ್ಟು. ನಿಮಗೆ ಬರುವುದಾದರೆ ವಕೀಲರಾಗುವ ಮೊದಲೇ ವಕೀಲರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಬರದಿದ್ದರೆ ಲಾ ಓದುವಾಗಲೇ ಅದನ್ನೂ ಕಲಿಯಿರಿ.

ಮತ್ತೊಂದು, ಸಣ್ಣ ಎಚ್ಚರಿಕೆ. ಉತಾರದಲ್ಲಿ ಹೆಸರಿದ್ದವನೇ ಮಾಲೀಕ ಅಂತ ಕಂದಾಯ ಇಲಾಖೆಯವರು ನಂಬಿಬಿಟ್ಟಿರುತ್ತಾರೆ. ಸಿವಿಲ್ ಕೋರ್ಟಿನಲ್ಲಿ ಹಾಗಲ್ಲ. ಉತಾರ ನಿಜ ಅಂತ ಮೊದಲಿಗೆ ಒಪ್ಪಿಕೊಳ್ಳುತ್ತಾರೆ, ಸುಳ್ಳು ಅಂತ ಎದುರಾಳಿ ತೋರಿಸಿದರೆ ಬಿದ್ದುಹೋಗುತ್ತದೆ. ಹಕ್ಕು ಬರುವುದು ಕ್ರಯಪತ್ರದಿಂದ, ವಾರಸುದಾರಿಕೆಯಿಂದ, ಮಂಜೂರಾತಿಯಿಂದ. ಮೂವತ್ತೊಂದು ವರ್ಷದ ರೂಢಿಯನ್ನು ಸ್ವಲ್ಪ ಮರೆಯಬೇಕಾಗುತ್ತದೆ, ಅಷ್ಟೇ.

ಪ್ರಶ್ನೆ: ಆಸ್ತಿ ಈಗ ಮೂಲಭೂತ ಹಕ್ಕೇ ಅಲ್ಲ ಅಂತ ಪರೀಕ್ಷೆಗೆ ಓದಿದ್ದೇನೆ. ಹಾಗಿದ್ದರೆ ಆಸ್ತಿ ಹಕ್ಕಿನ ವಕೀಲರು ಯಾವ ಹಕ್ಕಿಗೆ ಹೋರಾಡುತ್ತಾರೆ?
— ವಿದ್ಯಾರ್ಥಿ, ಕಾಸರಗೋಡು

ಉತ್ತರ: ಈ ಪ್ರಶ್ನೆ ಕಾಸರಗೋಡಿನಿಂದಲೇ ಬಂದದ್ದು ನೋಡಿ ನಗು ಬಂತು. ಉತ್ತರ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದದ್ದು ಸಂವಿಧಾನವನ್ನು ಉಳಿಸುತ್ತೇನೆ ಅಂತಲ್ಲ. ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದಲ್ಲ ಅಂತ. ನಾನಿ ಪಾಲ್ಖಿವಾಲಾ ವಾದಿಸಿದರು. ಹದಿಮೂರು ನ್ಯಾಯಮೂರ್ತಿಗಳು, 68 ದಿನದ ವಿಚಾರಣೆ, 1973ರ ಏಪ್ರಿಲ್ 24ರಂದು 7–6ರ ತೀರ್ಪು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಅನ್ನುವ ಮಾತು ಅಲ್ಲಿ ಹುಟ್ಟಿತು. ಜಮೀನಿನ ವಿಚಾರದಲ್ಲಿ ಮಠಕ್ಕೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ನಮ್ಮ ವೃತ್ತಿಯಲ್ಲಿ ಹೀಗೂ ಆಗುತ್ತದೆ. ಕಕ್ಷಿದಾರ ಸೋಲುತ್ತಾನೆ, ಕಾನೂನು ಗೆಲ್ಲುತ್ತದೆ.

ನೀವು ಓದಿದ್ದು ಸರಿ. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಆದರೆ ಸಂವಿಧಾನದಲ್ಲಿ 300ಎ ವಿಧಿ ಅಂತ ಒಂದು ಸಾಲು ಉಳಿಸಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಈ ಒಂದು ಸಾಲಿನ ಮೇಲೆ ಎಷ್ಟು ಕೇಸು ನಿಂತಿವೆ ಗೊತ್ತಾ? ಬೆಂಗಳೂರು–ಮೈಸೂರು ಕಾರಿಡಾರಿಗೆ ಅಂತ 2003ರಲ್ಲಿ ಅಧಿಸೂಚನೆ ಹೊರಡಿಸಿ ಜನರ ನಿವೇಶನಗಳನ್ನು ತಗೊಂಡರು. ಪರಿಹಾರ ಕೊಡದೆ ವರ್ಷಗಟ್ಟಲೆ ಕೂತರು. ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು ಆ ಸಾಲನ್ನೇ ಎತ್ತಿ ಹಿಡಿದು, 2019ರ ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಿ ಕೊಡಿ ಎಂದಿತು. ಹದಿನಾರು ವರ್ಷದಲ್ಲಿ ಬೆಂಗಳೂರಿನ ನಿವೇಶನದ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಿಮಗೆ ಹೇಳಬೇಕಿಲ್ಲ.

ಆಸ್ತಿ ಹಕ್ಕು ಅಂದರೆ ಸಾಹುಕಾರರ ಹಕ್ಕು ಅಂದುಕೊಂಡವರಿದ್ದಾರೆ. ನಾನು ಸಾಗರದವಳು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ತಾಲ್ಲೂಕಿನಲ್ಲೇ. ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ ಒಡೆಯರಿಗೂ ಗೇಣಿದಾರರಿಗೂ ಶುರುವಾದ ಜಗಳ ಅದು. ಆಮೇಲೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ಹೋಯಿತು. ಉಳುವವನು ಜಮೀನು ತನ್ನದಾಗಲಿ ಅಂತ ‘ಫಾರಂ 7’ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟ. ಸ್ವಾರಸ್ಯ ಏನೆಂದರೆ, ಆ ಮಂಡಳಿಯ ಮುಂದೆ ವಕೀಲರು ಬರಲೇಬಾರದು ಅಂತ ಕಾಯ್ದೆಯಲ್ಲೇ ಬರೆದಿದ್ದರು. ಬಡವನ ಅರ್ಜಿಯನ್ನು ನಾವು ಎಳೆದಾಡುತ್ತೇವೆ ಅನ್ನುವ ಭಯ. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ನಿಲ್ಲುವುದಿಲ್ಲ ಎಂದಿತು. ನನ್ನ ಸೀನಿಯರ್ ಇದನ್ನು ನಗುತ್ತಾ ಹೇಳುತ್ತಿದ್ದರು, ‘ಸರ್ಕಾರಕ್ಕೆ ನಮ್ಮ ಬಗ್ಗೆ ಇದ್ದ ಅನುಮಾನ ಪೂರ್ತಿ ಸುಳ್ಳೇನಲ್ಲ’ ಅಂತ. ಅವರ ಹತ್ತಿರ ಗೇಣಿದಾರರೂ ಬರುತ್ತಿದ್ದರು, ಒಡೆಯರೂ ಬರುತ್ತಿದ್ದರು. ಬೇರೆ ಬೇರೆ ಬೆಂಚಿನ ಮೇಲೆ ಕೂರುತ್ತಿದ್ದರು.

ಇನ್ನೊಂದು ಕಥೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಎಬ್ಬಿಸಿದ ಜನರನ್ನು ಕಾಡು ಕಡಿದು ಕೂರಿಸಿದರು. ಕಾಗದದಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. ಅಜ್ಜ ಕಟ್ಟಿದ ಮನೆಯಲ್ಲಿ ಮೊಮ್ಮಗ ಇದ್ದಾನೆ, ಪಹಣಿಯಲ್ಲಿ ಅವನ ಹೆಸರಿಲ್ಲ. ರಾಜ್ಯಕ್ಕೆಲ್ಲ ಕರೆಂಟು ಕೊಟ್ಟವರು. ಇವರು ನನ್ನ ಆಫೀಸಿಗೆ ಬಂದಾಗ ಯಾವ ಹಕ್ಕಿಗೆ ಹೋರಾಡುತ್ತೀರಿ ಅಂತ ನೀವು ಕೇಳಿದ ಪ್ರಶ್ನೆ ನೆನಪಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಬಿಲ್ಡರ್ ಕಂಪನಿಯೊಂದರ ಲೀಗಲ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಸೇರಲೋ, ಕೋರ್ಟಿಗೆ ಹೋಗಲೋ?
— ಹೆಸರು ಬೇಡ ಎಂದಿದ್ದಾರೆ

ಉತ್ತರ: ಮನೆಯಲ್ಲಿ ಸಾಲ ಇದ್ದರೆ ಸೇರಿ. ಮೊದಲ ತಿಂಗಳೇ ಸಂಬಳ. ಪೂರ್ತಿ ಸಮಯದ ಸಂಬಳದ ಕೆಲಸದಲ್ಲಿದ್ದಾಗ ವಕೀಲಿಕೆ ಮಾಡುವಂತಿಲ್ಲ, ಸನ್ನದು ಅಮಾನತ್ತಿನಲ್ಲಿಡಲು ಪರಿಷತ್ತಿಗೆ ಬರೆದುಕೊಡಬೇಕು. ಅಲ್ಲಿ ವಾರಕ್ಕೆ ಹತ್ತು ಜಮೀನಿನ ಕಾಗದ ಓದುತ್ತೀರಿ, ನಾವು ವರ್ಷಕ್ಕೆ ಓದುವಷ್ಟು. ಆದರೆ ‘ಜಿ.ಪಿ.ಎ. (ಪವರ್ ಆಫ್ ಅಟಾರ್ನಿ) ಇದೆ, ಸಾಕು’ ಅಂತ ಮೇಲಿನವರು ಒತ್ತಿದರೆ ಬರವಣಿಗೆಯಲ್ಲೇ ಬೇಡ ಅನ್ನಿ. ಜಿ.ಪಿ.ಎ. ಮೂಲಕ ಮಾಡಿದ ಮಾರಾಟದಿಂದ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಮ್ಮ ಸಹಿ ನಿಮ್ಮ ಹಿಂದೆಯೇ ಬರುತ್ತದೆ. ನನ್ನದು ಬಂದಿದೆ, ಮುಂದೆ ಓದಿ.

ಪ್ರಶ್ನೆ: ನೀವು ಕೆಲಸದಲ್ಲಿ ತಪ್ಪು ಮಾಡಿದ್ದು ಉಂಟಾ? ತಪ್ಪಾದರೆ ವಕೀಲರಿಗೆ ಏನಾಗುತ್ತದೆ?
— ಲಾ ವಿದ್ಯಾರ್ಥಿನಿ, ಉಡುಪಿ

ಉತ್ತರ: ಉಂಟು. 2006ರಲ್ಲಿ ಒಬ್ಬರು, ಅಣ್ಣತಮ್ಮ ಇಬ್ಬರಿಂದ ಅವರ ಪಿತ್ರಾರ್ಜಿತ ಜಾಗ ಕೊಳ್ಳುತ್ತಿದ್ದರು. ಸಾಲ ಕೊಡುವ ಬ್ಯಾಂಕಿಗೆ ನಾನು ಅಭಿಪ್ರಾಯ ಬರೆದೆ. ಇ.ಸಿ. (ಋಣಭಾರ ಪತ್ರ) ಸರಿ, ಪಹಣಿ ಸರಿ, ಮ್ಯುಟೇಶನ್ ಸರಿ. ವಂಶವೃಕ್ಷದಲ್ಲಿ ಎರಡೇ ಕೊಂಬೆ. ಸೀಲು ಇತ್ತು, ನಂಬಿದೆ. ಕೊಂಡವರು ಮನೆ ಕಟ್ಟಿದರು, ಗೃಹಪ್ರವೇಶಕ್ಕೆ ನನ್ನನ್ನೂ ಕರೆದರು, ಹೋಳಿಗೆ ಊಟ ಮಾಡಿ ಬಂದೆ. ಎರಡು ವರ್ಷಕ್ಕೆ ಸಮನ್ಸ್ ಬಂತು. ಆ ಅಣ್ಣತಮ್ಮಂದಿರಿಗೆ ಒಬ್ಬ ಅಕ್ಕ ಇದ್ದರು, ಮುಂಬೈಯಲ್ಲಿ. ವಂಶವೃಕ್ಷ ಬರೆಸುವಾಗ ಅವರನ್ನು ಬಿಟ್ಟೇ ಬರೆಸಿದ್ದರು. 2005ರ ಸೆಪ್ಟೆಂಬರ್ 9ರಿಂದ, ಮದುವೆ ಯಾವಾಗ ಆಗಿದ್ದರೂ, ಮಗಳೂ ಮಗನ ಸಮ ಪಾಲುದಾರಳು. ನಾನು ಅಭಿಪ್ರಾಯ ಬರೆದಾಗ ಆ ಕಾನೂನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಗೊತ್ತಿತ್ತು. ಕೇಳಲಿಲ್ಲ, ಅಷ್ಟೇ.

ಕೊನೆಗೆ ರಾಜಿಯಾಯಿತು. ಮನೆ ಕಟ್ಟಿದವರು ಅಕ್ಕನಿಗೆ ಎರಡನೇ ಸಲ ದುಡ್ಡು ಕೊಟ್ಟರು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಬ್ಯಾಂಕಿನ ಪಟ್ಟಿಯಿಂದ ನನ್ನ ಹೆಸರು ಹೋಯಿತು, ಸರಿಯಾಗಿಯೇ ಮಾಡಿದರು.

ಆವತ್ತಿನಿಂದ ವಂಶವೃಕ್ಷಕ್ಕೆ ಎಷ್ಟೇ ಸೀಲಿರಲಿ, ನಾನು ಆ ಊರಿಗೆ ಹೋಗುತ್ತೇನೆ. ಅಕ್ಕಪಕ್ಕದ ಮನೆಯ ಅಜ್ಜಿಯರ ಹತ್ತಿರ ಕಾಫಿ ಕುಡಿಯುತ್ತೇನೆ. ‘ಈ ಮನೆಯವರಿಗೆ ಮಕ್ಕಳೆಷ್ಟು’ ಅಂತ ಕೇಳಿದರೆ ಗಂಡುಮಕ್ಕಳ ಲೆಕ್ಕ ಬರುತ್ತದೆ. ಹಾಗೆ ಕೇಳಬಾರದು. ‘ಗೌರಿ ಹಬ್ಬಕ್ಕೆ ಈ ಮನೆಯಿಂದ ಎಷ್ಟು ಬಾಗಿನ ಹೋಗುತ್ತೆ’ ಅಂತ ಕೇಳಬೇಕು. ಆ ಉತ್ತರ ಯಾವತ್ತೂ ತಪ್ಪಿಲ್ಲ. ನಿಮ್ಮ ಕಡೆ ಏನು ಕೇಳಬೇಕು ಅಂತ ನೀವೇ ನೋಡಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಲ್ಲ, ನೀವು ತವರಿನಲ್ಲಿ ಪಾಲು ತಗೊಂಡಿರಾ?
— ಓದುಗಿ, ತಿಪಟೂರು

ಉತ್ತರ: ಇಲ್ಲ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಬಂದಿತ್ತು. ಆ ವರ್ಷದ ಜುಲೈ 30ಕ್ಕೆ ಮೊದಲು ಮದುವೆಯಾದವರಿಗೆ ಮಾತ್ರ ಇರಲಿಲ್ಲ. ನನ್ನ ಮದುವೆ 1998ರಲ್ಲಿ. ಹಕ್ಕು ಇತ್ತು. 2001ರಲ್ಲಿ ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಟ್ಟೆ. ಕರಡು ಬರೆದವಳೂ ನಾನೇ, ಒಂದು ಅಕ್ಷರ ತಪ್ಪಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಪ್ಪ ಕೂತಿದ್ದರು. ನಾನು ಸಹಿ ಹಾಕುವಾಗ ಅವರು ನನ್ನ ಕಡೆ ನೋಡಲಿಲ್ಲ. ಕಕ್ಷಿದಾರಳಾಗಿ ಬಂದವಳಾಗಿದ್ದರೆ, ಸಹಿ ಹಾಕಬೇಡಮ್ಮ, ಒಂದು ವಾರ ಯೋಚನೆ ಮಾಡು ಅಂತ ಹೇಳಿ ಕಳಿಸುತ್ತಿದ್ದೆ.

ಬಾಗಿನ ಪ್ರತಿವರ್ಷ ಬರುತ್ತದೆ. ಅಣ್ಣನೇ ತರುತ್ತಾನೆ, ಬೆಳಗ್ಗೆ ಏಳೂವರೆ ಬಸ್ಸಿನಲ್ಲಿ.